ಟೆಂಟು ಎಷ್ಟು ಅಂತ ಕೇಳ್ತೀವಿ, ನಡುವೆ ಜಾಗ ಎಷ್ಟು ಅಂತ ಕೇಳಲ್ಲ

ಯುದ್ಧವೋ ಪ್ರವಾಹವೋ ಬಂದು ಜನ ಊರು ಬಿಟ್ಟಾಗ ಎಷ್ಟು ಟೆಂಟು ಹಂಚಿದರು ಅನ್ನೋ ಲೆಕ್ಕ ಸುದ್ದಿಯಾಗುತ್ತೆ. ಟೆಂಟುಗಳ ನಡುವೆ ಎಷ್ಟು ಜಾಗ ಬಿಟ್ಟರು ಅನ್ನೋದು ಯಾರಿಗೂ ಬೇಡ. ನನಗೆ ಅದೇ ಮೊದಲು ಕೇಳಬೇಕಾದ್ದು ಅನಿಸುತ್ತೆ.

ತಾನಾಗಿ ಬೆಳೆದ ಶಿಬಿರಗಳಲ್ಲಿ ಮೊದಲು ಬಂದವರು ಎತ್ತರದ ಒಣ ಜಾಗ ಹಿಡೀತಾರೆ. ಆಮೇಲೆ ಬಂದವರು ಸಂದಿಗಳಲ್ಲಿ ತೂರಿಕೊಳ್ತಾರೆ. ಕೊನೆಗೆ ಬಂದವರಿಗೆ ಮಳೆನೀರು ಹರಿಯೋ ತಗ್ಗೇ ಗತಿ. ಒಬ್ಬರ ಟೆಂಟಿನ ಹಗ್ಗಕ್ಕೆ ಇನ್ನೊಬ್ಬರ ಬಾಗಿಲ ಮುಂದೆ ಗೂಟ. ಒಲೆ ಉರಿಯೋದು ಪಕ್ಕದವರ ಟಾರ್ಪಾಲಿನಿಂದ ಒಂದು ಮೊಳ ದೂರದಲ್ಲಿ. ರಾತ್ರಿ ಶೌಚಾಲಯಕ್ಕೆ ಹೋಗೋ ಹೆಣ್ಣುಮಗಳು ಈ ಹಗ್ಗಗಳನ್ನೆಲ್ಲ ಕತ್ತಲಲ್ಲಿ ತಡವಿಕೊಂಡು ದಾಟಬೇಕು.

ಅಳತೆ ಗೊತ್ತಿಲ್ಲ ಅಂತೇನಿಲ್ಲ. ಪರಿಹಾರ ಸಂಸ್ಥೆಗಳು ಒಪ್ಪಿರೋ ಸ್ಫಿಯರ್ ಮಾನದಂಡದ ಪ್ರಕಾರ ದಾರಿ, ಶೌಚಾಲಯ ಎಲ್ಲಾ ಸೇರಿ ತಲೆಗೆ 45 ಚದರ ಮೀಟರ್ ಬೇಕು. ಸೂರಿನಡಿ ಕನಿಷ್ಠ 3.5. ಪ್ರತಿ 300 ಮೀಟರಿಗೆ ಬೆಂಕಿ ತಡೆಯೋಕೆ 30 ಮೀಟರ್ ಖಾಲಿ ಪಟ್ಟಿ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ 2017ರಲ್ಲಿ ಕೆಲವೇ ತಿಂಗಳಲ್ಲಿ ಏಳು ಲಕ್ಷ ರೊಹಿಂಗ್ಯಾ ಜನ ಬಂದಾಗ ಇಷ್ಟು ಜಾಗ ಎಲ್ಲಿಂದ ತರ್ತೀರಿ? 2021ರ ಮಾರ್ಚ್‌ನಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಸುಮಾರು 45,000 ಜನ ಸೂರು ಕಳೆದುಕೊಂಡರು. ಬಿದಿರು, ಟಾರ್ಪಾಲು, ಒತ್ತೊತ್ತಾಗಿ ಕಟ್ಟಿದ ಗುಡಿಸಲು. ಬೆಂಕಿಗೆ ಇನ್ನೇನು ಬೇಕು?

ಹಾಗಂತ ಎಲ್ಲ ಕಿತ್ತು ನೇರ ಗೆರೆ ಎಳೆಯೋಕೆ ಹೊರಡೋರನ್ನು ಕಂಡರೂ ನನಗಾಗಲ್ಲ. ಆ ಸಾಲು ಚಂದ ಕಾಣೋದು ಮೇಲಿಂದ ತೆಗೆದ ಫೋಟೋದಲ್ಲಿ ಮಾತ್ರ. ಮೊದಲು ನೀರು ಹರಿಯೋ ದಾರಿ ನೋಡಿ ಚರಂಡಿ ಗುರುತು ಹಾಕಬೇಕು. ಅದರ ಮೇಲೆ ಕೂತಿರೋ ಮನೆಗಳಿಗಷ್ಟೇ ಬೇರೆ ಜಾಗ, ಅದೂ ಈಗಿನ ನೆರೆಹೊರೆಯವರ ಜೊತೆಗೇ. ಐದಾರು ಮನೆ ಒಂದು ಸಣ್ಣ ಅಂಗಳದ ಸುತ್ತ ಮುಖ ಮಾಡಿದರೆ ಮಕ್ಕಳ ಮೇಲೆ ಕಣ್ಣಿಡೋಕೂ ಸುಲಭ. ಶೌಚಾಲಯ, ನಲ್ಲಿ ಎಲ್ಲಿರಬೇಕು ಅಂತ ಹೆಂಗಸರನ್ನೇ ಕೇಳಿ. ಸುಮ್ನೆ ಸಭೆಗೆ ಕರೆದು ಕೂರಿಸೋದಲ್ಲ, ಜಾಗದಲ್ಲಿ ನಡೆದಾಡಿಸಿ ಕೇಳಿ.

ಇಷ್ಟೆಲ್ಲ ಮಾಡಿದ ಮೇಲೆ ಜಮೀನಿನ ಒಡೆಯ ಬಂದು ಎದ್ದೇಳಿ ಅಂದರೆ? ಸೊಮಾಲಿಯಾದ ರಾಜಧಾನಿ ಮೊಗದಿಶು ಹೊರವಲಯದಲ್ಲಿ 2017ರ ಡಿಸೆಂಬರ್‌ನಲ್ಲಿ ಆಗಿದ್ದು ಹೀಗೇ. ಬುಲ್ಡೋಜರ್ ಬಂತು, ಸಾವಿರಾರು ಕುಟುಂಬಗಳ ಸೂರಿನ ಜೊತೆ ಶೌಚಾಲಯಗಳೂ ಮಣ್ಣುಪಾಲಾದವು. ಅದಕ್ಕೇ ಗುದ್ದಲಿ ಎತ್ತೋ ಮುಂಚೆ ಒಡೆಯನ ಹತ್ರ ಕೆಲವು ವರ್ಷಕ್ಕಾದರೂ ಲಿಖಿತ ಕರಾರು ಮಾಡಿಸಿಕೊಳ್ಳಬೇಕು, ಅದರ ಪ್ರತಿ ಅಲ್ಲಿರೋ ಕುಟುಂಬಗಳ ಕೈಯಲ್ಲೂ ಇರಬೇಕು.