ಬಕಾಸುರನ ಉಪವಾಸ

ಹೆಸರಿಡುವಾಗಲೇ ಎಡವಿದೆ ಅನ್ನಿಸುತ್ತೆ. ಬಾಲ್ ಪೈಥಾನ್ ಅನ್ನೋ ಹೆಬ್ಬಾವಿನ ಮರಿ, ತೂಕ 64 ಗ್ರಾಂ. ಪ್ರೀತಿಯಿಂದ ಬಕಾಸುರ ಅಂತ ಕರೆದೆ. ಅವನು ಅವತ್ತೇ ಉಪವಾಸ ಹಿಡಿದ.

ಮೊದಲ ವಾರ ಸುಮ್ನಿದ್ದೆ. ಹೊಸ ಜಾಗ, ಹೆದರಿದ್ದಾನೆ ಪಾಪ. ಎರಡನೇ ವಾರ ಫ್ರೀಜರಿನಿಂದ ಇಲಿಮರಿ ತೆಗೆದು, ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಕರಗಲು ಬಿಟ್ಟೆ. ಅಡುಗೆಮನೆಗೆ ಬಂದ ಹೆಂಡತಿ ಲೋಟದೊಳಗೆ ಇಣುಕಿದಳು. ಕಿರುಚಲಿಲ್ಲ, ಬೈಯಲಿಲ್ಲ. "ಈ ಲೋಟ ಇನ್ಮೇಲೆ ನಿಮ್ಮದು" ಅಂದಳು, ಅಷ್ಟೇ. ಈಗ ಅದರ ಮೇಲೆ ನನ್ನ ಹೆಸರಿನ ಚೀಟಿ ಅಂಟಿದೆ.

ಒದ್ದೆ ಇಲಿಯನ್ನು ಚಿಮುಟದಲ್ಲಿ ಹಿಡಿದು ಬಕಾಸುರನ ಮುಂದೆ ಕುಣಿಸಿದೆ. ನಾಲಿಗೆ ಒಮ್ಮೆ ಹೊರಬಂತು. ಇನ್ನೊಮ್ಮೆ. ನಾನು ಉಸಿರು ಬಿಗಿಹಿಡಿದೆ. ಇಲಿಯ ಕಾಲು ಮೂಗಿಗೆ ತಾಗಿದ್ದೇ ತಡ, ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗಿಬಿಟ್ಟ. ಈ ಹಾವಿಗೆ ಬಾಲ್ ಅಂತ ಹೆಸರು ಬಂದಿದ್ದೇ ಈ ವಿದ್ಯೆಯಿಂದ. ಉಂಡೆಗೆ ಊಟ ಮಾಡಿಸೋದು ಹೇಗೆ? ಅರ್ಧ ಗಂಟೆಯಲ್ಲಿ ಇಲಿ ತಣ್ಣಗಾಯಿತು, ನನ್ನ ಕೈ ಜೋಮು ಹಿಡಿಯಿತು.

ಆಮೇಲೆ ಓದಿ ತಿಳಿದುಕೊಂಡೆ. ಇವುಗಳ ತುಟಿಯಂಚಿನಲ್ಲಿ ಸಾಲಾಗಿ ಪುಟ್ಟ ಗುಳಿಗಳಿರುತ್ತವೆ. ಬೇಟೆಯ ಮೈಬಿಸಿ ಗೊತ್ತಾಗೋದು ಅವುಗಳಿಂದ. ತಣ್ಣನೆಯ ಇಲಿ ಅವನ ಲೆಕ್ಕದಲ್ಲಿ ಇಲಿಯೇ ಅಲ್ಲ! ಮುಂದಿನ ವಾರ ಇಲಿಯನ್ನು ಒರೆಸಿ, ತಲೆಗೆ ಹೇರ್ ಡ್ರೈಯರ್ ಹಿಡಿದೆ. ಯಾರ ಹೇರ್ ಡ್ರೈಯರ್ ಅನ್ನೋದು ಇಲ್ಲಿ ಬೇಡ. ಬಕಾಸುರ ಕತ್ತು ಹಿಂದಕ್ಕೆಳೆದ, ಗುರಿಯಿಟ್ಟ, ಹಾರಿದ. ಗುಳಿಗಳು ಚೆನ್ನಾಗಿಯೇ ಕೆಲಸ ಮಾಡಿದ್ದವು. ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ನನ್ನ ಹೆಬ್ಬೆರಳು. ವಿಷವಿಲ್ಲ, ಗುಂಡುಸೂಜಿ ಚುಚ್ಚಿದಷ್ಟೇ ನೋವು. ಆದರೆ ಬಾಯಿಗೆ ಬಂದಿದ್ದು ಹಿಡಿಸಲಿಲ್ಲ ಅನ್ನೋ ಹಾಗೆ ಬಿಟ್ಟು ಹೋದನಲ್ಲ, ಅದು ಜಾಸ್ತಿ ಚುಚ್ಚಿತು.

ಉದ್ದನೆಯ ಚಿಮುಟ ಬಂತು. ದಿನಾ ಎತ್ತಿ ತೂಗತೊಡಗಿದೆ. 63. ಮತ್ತೆ 63. ಆಮೇಲೆ 62. ಪೆಟ್ಟಿಗೆಯ ಬಿಸಿ ನೋಡು, ಮುಚ್ಚಳ ತೆಗಿ, ಇಣುಕು, ಮುಚ್ಚು. ಹೀಗೆ ಗಳಿಗೆಗೊಮ್ಮೆ ಎತ್ತಿ ತೂಗಿದರೆ ಯಾರಿಗೆ ತಾನೇ ಅನ್ನ ಸೇರುತ್ತೆ ಅಂತ ಹೆಂಡತಿಯೇ ಕೇಳಿದಳು. ಅವಳು ಹಾವಿನ ಪರ ಮಾತಾಡಿದ್ದು ಅದೇ ಮೊದಲು.

ಸರಿ, ಅವನನ್ನು ಚಿಕ್ಕ ಪೆಟ್ಟಿಗೆಗೆ ಹಾಕಿದೆ. ಅಡಗಿಕೊಳ್ಳಲು ಮೈಗೆ ಸರಿಹೊಂದುವ ಎರಡು ಇಕ್ಕಟ್ಟು ಗೂಡು ಇಟ್ಟೆ. ಮೇಲೆ ಬಟ್ಟೆ ಹೊದಿಸಿ ಒಂದು ವಾರ ಮುಟ್ಟಲಿಲ್ಲ. ನನಗೆ ಅದೇ ದೊಡ್ಡ ಉಪವಾಸ. ಆಮೇಲೊಂದು ರಾತ್ರಿ ಬಿಸಿ ಇಲಿಯನ್ನು ಗೂಡಿನ ಬಾಯಲ್ಲಿಟ್ಟು, ದೀಪ ಆರಿಸಿ, ಕಳ್ಳನ ಹಾಗೆ ಹೊರಬಂದೆ.

ಬೆಳಗಿನ ಜಾವ ಐದಕ್ಕೆ ನೋಡಿದರೆ ಇಲಿ ಇಲ್ಲ! ಹಾಸು ಕೆದಕಿದೆ, ನೀರಿನ ಬಟ್ಟಲು ಎತ್ತಿದೆ. ಕೊನೆಗೆ ಗೂಡಿನೊಳಗೆ ಟಾರ್ಚ್ ಬಿಟ್ಟೆ. ಬಕಾಸುರನ ನಡುವಿನಲ್ಲಿ ಒಂದು ಗುಬುಟು.

ಓಡಿಹೋಗಿ ಹೆಂಡತಿಯನ್ನು ಎಬ್ಬಿಸಿದೆ. "ತಿಂದ ಕಣೇ, ತಿಂದ!"

ಅವಳು ಒಂದು ಕಣ್ಣು ಮಾತ್ರ ಬಿಟ್ಟಳು.

"ಲೋಟ ತೊಳೆದ್ರಾ?"