ಜಗ್ ಚಂಗಾ ಮರೀಬೇಡಿ
ಜಾನಪದ ಹಾಡೋರು ಎರಡನೇ ಆಲ್ಬಂನಲ್ಲಿ ಎಡವ್ತಾರೆ ಅಂತ ಬರ್ದಿದೀರಲ್ಲ ಸರ್, ರಘು ದೀಕ್ಷಿತ್ ವಿಷ್ಯದಲ್ಲಿ ಇದನ್ನ ನಾನು ಒಪ್ಪಲ್ಲ. 2008ರಲ್ಲಿ ಮೊದಲ್ನೇದು ಬಂದಾಗ ಗುಡುಗುಡಿಯ ಸೇದಿ ನೋಡೋ, ಸೋರುತಿಹುದು ಮನೆಯ ಮಾಳಿಗಿ ಎರಡನ್ನೂ ಗಿಟಾರ್ ಜೊತೆ ಕೇಳಿ, ಭಜನೆ ಕಡೆ ತಲೆನೇ ಹಾಕದ ಹುಡುಗ್ರೂ ಶರೀಫಜ್ಜನ ಪದ ಗುನುಗೋಕೆ ಶುರು ಮಾಡಿದ್ರು, ಅದಾದ್ಮೇಲೆ 5 ವರ್ಷ ಕಾಯಿಸಿ 2013ರಲ್ಲಿ ಎರಡನೇ ಆಲ್ಬಂ ಜಗ್ ಚಂಗಾ ಕೊಟ್ರು, ಅಷ್ಟು ಕಾದಿದ್ದಕ್ಕೂ ಸಾರ್ಥಕ ಆಯ್ತು. ಅದ್ರಲ್ಲಿರೋ ‘ಲೋಕದ ಕಾಳಜಿ’ ಹಾಡನ್ನ ಹೆಡ್‌ಫೋನ್ ಹಾಕ್ಕೊಂಡು ಒಂದ್ಸಲ ಕೇಳಿ, ಬ್ಯಾಂಡ್ ಎಷ್ಟೇ ಜೋರಾಗಿ ಬಾರಿಸಿದ್ರೂ ಶರೀಫರ ಮಾತು ಎಲ್ಲೂ ಮುಳುಗಲ್ಲ, ಧಾರವಾಡದ ಕಡೆ ಗತ್ತು ಹಾಗೇ ಇದೆ. ಕನ್ನಡದ ಹಾಡು ಇನ್ನೊಂದೆರಡು ಜಾಸ್ತಿ ಇದ್ದಿದ್ರೆ ಇನ್ನೂ ಖುಷಿ ಆಗಿರೋದು, ಆದ್ರೂ ನಂಗೆ ಮೊದಲ್ನೇದಕ್ಕಿಂತ ಇದೇ ಇಷ್ಟ.