ಸತ್ಯಾಂಶ: ಡಿಎನ್‌ಎ ನಕಲು ಒಂದೇ ತುದಿಯಿಂದ ಶುರುವಾಗುವುದಿಲ್ಲ

‘ಜೀವಕೋಶ ಒಡೆದು ಎರಡಾಗುವ ಮುನ್ನ ಡಿಎನ್‌ಎ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಪ್‌ನಂತೆ ಬಿಚ್ಚಿಕೊಳ್ಳುತ್ತದೆ, ಕೆಲವೇ ಗಂಟೆಗಳಲ್ಲಿ ನಕಲು ಮುಗಿಯುವುದು ಕಿಣ್ವದ ಮಿಂಚಿನ ವೇಗದಿಂದ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕೆಲವೇ ಗಂಟೆ ಎಂಬುದು ನಿಜ, ಕಾರಣ ಮಾತ್ರ ತಪ್ಪು.

ಲೆಕ್ಕ ಹಾಕಿ ನೋಡಿ. ಮನುಷ್ಯನ ಅತಿ ದೊಡ್ಡ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಸುಮಾರು 25 ಕೋಟಿ ಬೇಸ್ ಜೋಡಿಗಳಿವೆ, ಅಂದರೆ ಡಿಎನ್‌ಎ ಏಣಿಯ ಮೆಟ್ಟಿಲುಗಳು. ನಕಲು ಮಾಡುವ ಕಿಣ್ವಗಳ ಗುಂಪು, ಅಂದರೆ ನಕಲು ಯಂತ್ರ, ಸೆಕೆಂಡಿಗೆ ಸುಮಾರು 50 ಜೋಡಿ ದಾಟುತ್ತದೆಂದು ಹಿಡಿದರೂ, ಒಂದೇ ತುದಿಯಿಂದ ಹೊರಟರೆ ಎರಡು ತಿಂಗಳು ಬೇಕು. ಕೋಶ ತೆಗೆದುಕೊಳ್ಳುವುದು ಸುಮಾರು 8 ಗಂಟೆ. ಬ್ಯಾಕ್ಟೀರಿಯಾದ ಯಂತ್ರವೇ ನಮ್ಮದಕ್ಕಿಂತ ಬಹಳ ಚುರುಕು: ಇ. ಕೋಲಿಯಲ್ಲಿ ಅದು ಸೆಕೆಂಡಿಗೆ ಸುಮಾರು 1,000 ಜೋಡಿ ದಾಟುತ್ತದೆ.

ನಮ್ಮ ಕೋಶದ ಉಪಾಯ ಬೇರೆ, ಮತ್ತು ನಿಜಕ್ಕೂ ಸೊಗಸಾದದ್ದು. ನಕಲು ಸಾವಿರಾರು ಕಡೆ ಶುರುವಾಗುತ್ತದೆ. ಪ್ರತಿ ಆರಂಭಬಿಂದುವಿನಲ್ಲೂ ಜೋಡಿ ಎಳೆಗಳು ಬಿಡಿಸಿಕೊಂಡು ಪುಟ್ಟ ಗುಳ್ಳೆಯಾಗುತ್ತದೆ. ಅದರ ಎರಡೂ ಅಂಚುಗಳಿಂದ ಯಂತ್ರಗಳು ವಿರುದ್ಧ ದಿಕ್ಕಿಗೆ ಸಾಗುತ್ತವೆ. ಗುಳ್ಳೆಗಳು ಹಿಗ್ಗಿ ಪಕ್ಕದವುಗಳೊಡನೆ ಕೂಡಿಕೊಳ್ಳುತ್ತವೆ. 1968ರಲ್ಲಿ ವಿಜ್ಞಾನಿಗಳಾದ ಹ್ಯೂಬರ್‌ಮನ್ ಮತ್ತು ರಿಗ್ಸ್, ಸಸ್ತನಿ ಕೋಶಗಳ ಡಿಎನ್‌ಎಗೆ ವಿಕಿರಣಶೀಲ ಗುರುತು ಹಾಕಿ ಇದನ್ನು ಚಿತ್ರದಲ್ಲೇ ತೋರಿಸಿದರು.

ಎಲ್ಲ ಬಿಂದುಗಳೂ ಒಟ್ಟಿಗೆ ತೆರೆಯುವುದಿಲ್ಲ. ಕೆಲವು ಬೇಗ, ಕೆಲವು ತಡವಾಗಿ. ಹಲವು ಮೀಸಲಾಗಿಯೇ ಉಳಿದು, ಪಕ್ಕದ ಯಂತ್ರ ಸಿಕ್ಕಿಕೊಂಡರೆ ಮಾತ್ರ ಕೆಲಸಕ್ಕೆ ಇಳಿಯುತ್ತವೆ. ಎಳೆ ಬಿಡಿಸುವ ಪ್ರೋಟೀನುಗಳನ್ನು ಕೋಶ ನಕಲಿಗೆ ಮೊದಲೇ ಕೂರಿಸಿರುತ್ತದೆ. ನಕಲು ಶುರುವಾದ ಮೇಲೆ ಹೊಸದಾಗಿ ಕೂರಿಸಲು ಬಿಡುವುದಿಲ್ಲ, ಹಾಗಾಗಿ ಒಂದೇ ಭಾಗ ಎರಡು ಸಲ ನಕಲಾಗುವುದು ತಪ್ಪುತ್ತದೆ.